ಬಯಲುಸೀಮೆಯಲ್ಲೊಂದು ಪತ್ತೆಮಾರಿ: ಮರದ ಹಾಯಿಹಡಗಿನ ಮಾದರಿಯನ್ನು ಕಟ್ಟಿ ಮುಗಿಸುವ ಬಗೆ

ಮರದ ಹಾಯಿಹಡಗಿನ ಮಾದರಿಯನ್ನು ಮೊದಲ ಸಲ ಕಟ್ಟಲು ಹೊರಡುವವರಲ್ಲಿ ಅನೇಕರು ಮೂರು ಕೂವೆಮರಗಳ (ಹಾಯಿ ಹೊರುವ ಕಂಬಗಳ), ಹತ್ತಾರು ಹಾಯಿಗಳ, ಎರಡೂ ಬದಿಗೆ ಫಿರಂಗಿಗಳು ಸಾಲುಗಟ್ಟಿದ ಯುದ್ಧನೌಕೆಯನ್ನೇ ಆರಿಸಿಕೊಳ್ಳುತ್ತಾರೆ. ಆರು ತಿಂಗಳ ನಂತರ ಅರ್ಧ ಹೊದಿಸಿದ ಒಡಲು ಅಟ್ಟ ಸೇರುತ್ತದೆ. ಆದ್ದರಿಂದ ಇಲ್ಲಿ ನಾನು ವಿವರಿಸಲು ಆಯ್ದುಕೊಂಡಿರುವುದು ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿಯನ್ನು. ಅಕ್ಕಿ, ಉಪ್ಪು, ಮಂಗಳೂರು ಹಂಚುಗಳನ್ನು ಹೇರಿಕೊಂಡು ಮುಂಬಯಿಯವರೆಗೂ ಓಡಾಡುತ್ತಿದ್ದ ಈ ಸರಕುಹಡಗಿಗೆ ಮುಂದಕ್ಕೆ ಬಾಗಿದ ಎರಡು ಕೂವೆಮರಗಳು, ಎರಡು ದೊಡ್ಡ ಓರೆ ಹಾಯಿಗಳು, ನೀರಿನ ಮೇಲೆ ಉದ್ದಕ್ಕೆ ಚಾಚಿಕೊಂಡ ಮೂತಿ ಮತ್ತು ಚಪ್ಪಟೆಯಾದ ಹಿಂಬದಿ ಇರುತ್ತವೆ. ಹಗ್ಗಗಳು ಕಡಿಮೆ, ಕೆತ್ತನೆ ಕಡಿಮೆ. ಒಡಲಿನ ಆಕಾರವೇ ಇದರ ಚೆಲುವು.

ಆ ಆಕಾರದ ಬಗ್ಗೆ ಒಂದು ಮಾತನ್ನು ಆರಂಭದಲ್ಲಿಯೇ ಹೇಳಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿಯ ನಮಗೆ ಕಣ್ಣಿಗೆ ಬಿದ್ದು ಪಳಗಿರುವುದು ತುಂಗಭದ್ರೆಯ ಹರಿಗೋಲು. ಆನೆಗೊಂದಿಯ ಕಡವಿನಲ್ಲಿ ತಿರುಗುವ ಆ ದುಂಡು ಬುಟ್ಟಿಗೆ ಮುಂದು ಹಿಂದು ಎಂಬುದಿಲ್ಲ, ತಳದ ಉದ್ದಕ್ಕೂ ಬೆನ್ನೆಲುಬಿನಂತಿರುವ ಅಡಿಮರವಿಲ್ಲ, ಮೂತಿಯಿಲ್ಲ. ಸಮುದ್ರದ ಹಡಗು ಹಾಗಲ್ಲ. ಅದರ ಮೈಮೇಲೆ ಮೂತಿಯಿಂದ ಹಿಂಬದಿಯವರೆಗೆ ಬೆರಳನ್ನು ಎಳೆದರೆ ಎಲ್ಲಿಯೂ ಉಬ್ಬು ತಗ್ಗು ತಟ್ಟದೆ ಒಂದೇ ಉಸಿರಿನಲ್ಲಿ ಹರಿಯುವ ಬಾಗು ಸಿಗಬೇಕು. ಆ ಬಾಗು ಕೆಟ್ಟರೆ ಮುಂದೆ ಎಷ್ಟು ಪಾಲಿಷ್ ಹಚ್ಚಿದರೂ, ಎಷ್ಟು ಸೂಕ್ಷ್ಮವಾಗಿ ಹಗ್ಗ ಕಟ್ಟಿದರೂ ಮಾದರಿ ಸರಿಕಾಣುವುದಿಲ್ಲ. ನಾನು ನನ್ನ ಸಮಯದ ಅರ್ಧಭಾಗವನ್ನು ಹೊದಿಕೆಯ ಮೊದಲ ಪಟ್ಟಿ ಅಂಟಿಸುವುದಕ್ಕೆ ಮುಂಚೆಯೇ ಕಳೆಯುತ್ತೇನೆ, ಓದುಗರಿಗೂ ಅದನ್ನೇ ಸಲಹೆ ಮಾಡುತ್ತೇನೆ.

ಅಳತೆ ಮತ್ತು ನಕ್ಷೆ

ಮನೆಯ ಮೇಜಿನ ಮೇಲೆ ಕಟ್ಟಲು 1:48 ಅನುಕೂಲವಾದ ಪ್ರಮಾಣ. ಮೂಲ ಹಡಗಿನ ಉದ್ದ 24 ಮೀಟರ್ ಎಂದಿಟ್ಟುಕೊಂಡರೆ ಮಾದರಿಯ ಒಡಲು 50 ಸೆಂ.ಮೀ. ಆಗುತ್ತದೆ. ಹಾಯಿಯನ್ನು ಕಟ್ಟುವ ಓರೆಮರಗಳು ಒಡಲಿನಿಂದ ಹೊರಕ್ಕೆ ಚಾಚುವುದರಿಂದ ಗಾಜಿನ ಪೆಟ್ಟಿಗೆಗೆ ಸುಮಾರು 75 ಸೆಂ.ಮೀ. ಉದ್ದ, 60 ಸೆಂ.ಮೀ. ಎತ್ತರ ಬೇಕಾಗುತ್ತದೆ, ಜಾಗವನ್ನು ಈಗಲೇ ನೋಡಿಟ್ಟುಕೊಳ್ಳುವುದು ಲೇಸು. ಇದಕ್ಕಿಂತ ಚಿಕ್ಕ ಪ್ರಮಾಣದಲ್ಲಿ ಕಟ್ಟಿದರೆ ಕೆಲಸ ಕಡಿಮೆಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪಟ್ಟಿಗಳು ತೆಳುವಾದಷ್ಟೂ ಮುರಿಯುತ್ತವೆ, ರಾಟೆಗಳು ಚಿಕ್ಕದಾದಷ್ಟೂ ಬೆರಳಿಗೆ ಸಿಗುವುದಿಲ್ಲ.

ದಪ್ಪ ಕಾಗದದಲ್ಲಿ 34 ಮಿ.ಮೀ. ಎತ್ತರದ ಒಂದು ಮನುಷ್ಯಾಕೃತಿಯನ್ನು ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. 1:48ರಲ್ಲಿ ಅದು ಸುಮಾರು 163 ಸೆಂ.ಮೀ. ಎತ್ತರದ ಆಳು. ಕಟಕಟೆಯ ಎತ್ತರ, ಬಾಗಿಲಿನ ಅಗಲ, ಚುಕ್ಕಾಣಿಯ ಹಿಡಿ ಇವುಗಳನ್ನು ಮಾಡುವಾಗಲೆಲ್ಲ ಆ ಆಳನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಅಳತೆಪಟ್ಟಿ ತೋರಿಸದ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ ಕಂಡದ್ದು, ಮೇಲಿನಿಂದ ಕಂಡದ್ದು, ಮತ್ತು ಬ್ರೆಡ್ಡಿನಂತೆ ಅಡ್ಡಲಾಗಿ ಕೊಯ್ದರೆ ಸಿಗುವ ಆಕಾರಗಳನ್ನು ಒಂದರ ಮೇಲೊಂದು ಬರೆದದ್ದು. ಮೂರನೆಯದರಿಂದಲೇ ಒಡಲಿಗೆ ಆಕಾರ ಕೊಡುವ ಪಕ್ಕೆಹಲಗೆಗಳು ಹುಟ್ಟುತ್ತವೆ. ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಹಿಗ್ಗಿಸುವವರು ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ತಲಾ 10 ಸೆಂ.ಮೀ. ಗೆರೆ ಎಳೆದು, ಪ್ರತಿಯಲ್ಲಿ ಎರಡನ್ನೂ ಅಳೆದು ನೋಡಬೇಕು, ಏಕೆಂದರೆ ಯಂತ್ರವು ಕಾಗದ ಸಾಗುವ ದಿಕ್ಕಿನಲ್ಲಿ ಸ್ವಲ್ಪ ಹಿಗ್ಗಿಸುವುದುಂಟು. ಇನ್ನೊಂದು ಎಚ್ಚರವೂ ಅಗತ್ಯ. ನಕ್ಷೆಯ ಗೆರೆ ಹೊದಿಕೆಯ ಹೊರಮೈಯದ್ದಾಗಿದ್ದರೆ ಪಕ್ಕೆಹಲಗೆಯನ್ನು ಸುತ್ತಲೂ ಪಟ್ಟಿಯ ದಪ್ಪದಷ್ಟು, ಅಂದರೆ 1.5 ಮಿ.ಮೀ., ಒಳಕ್ಕೆ ಕತ್ತರಿಸಬೇಕು. ಇದನ್ನು ಮರೆತರೆ ಹಡಗು ಹೊಟ್ಟೆ ಬಂದಂತೆ ಕಾಣುತ್ತದೆ.

ಮರ

ನಮ್ಮ ಜಿಲ್ಲೆಗಳಲ್ಲಿ ಈ ಕೆಲಸಕ್ಕೆ ಸಿಗುವ ಅತ್ಯುತ್ತಮ ಮರ ಹೊಸ ಮರವಲ್ಲ. ಹಳೆಯ ಮಾಳಿಗೆ ಮನೆಗಳನ್ನು ಕೆಡವಿದಾಗ ಹೊರಬರುವ ಸಾಗುವಾನಿಯ ಜಂತಿ, ಬಾಗಿಲ ಚೌಕಟ್ಟು, ಕಿಟಕಿಯ ತುಂಡುಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಐವತ್ತು ಅರವತ್ತು ಬೇಸಿಗೆಗಳನ್ನು ಕಂಡ ಆ ಮರ ಕುಗ್ಗುವಷ್ಟು ಕುಗ್ಗಿ, ತಿರುಚಿಕೊಳ್ಳುವಷ್ಟು ತಿರುಚಿಕೊಂಡು ಹದಗೊಂಡಿರುತ್ತದೆ. ಕೊಯ್ಯಿಸುವ ಮೊದಲು ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ ಒಳಗೆ ಉಳಿದ ಮೊಳೆಗಳನ್ನು ಪತ್ತೆಮಾಡಬೇಕು. ಒಂದು ಮೊಳೆ ಸಾಮಿಲ್ಲಿನ ಗರಗಸದ ಹಲ್ಲನ್ನು ಮುರಿದರೆ ಆ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ. ಸಣ್ಣ ತೂತುಗಳೂ ಹಿಟ್ಟಿನಂಥ ಪುಡಿಯೂ ಕಂಡ ತುಂಡನ್ನು ಎಷ್ಟೇ ಅಗ್ಗವಾಗಿದ್ದರೂ ತರಬೇಡಿ, ಒಳಗಿನ ಹುಳು ಇಡೀ ಮಾದರಿಗೆ ಹಬ್ಬುತ್ತದೆ.

ಒಡಲಿನ ಹೊದಿಕೆಗೆ 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪ, 60 ಸೆಂ.ಮೀ. ಉದ್ದದ ಪಟ್ಟಿಗಳು ಬೇಕು. ಒಂದೊಂದು ಬದಿಗೆ 24ರಂತೆ 48, ಮುರಿಯುವುದಕ್ಕೂ ಕೆಡುವುದಕ್ಕೂ ಹನ್ನೆರಡು, ಒಟ್ಟು 60 ಎಂದು ಲೆಕ್ಕ ಹಾಕಿ. ಗರಗಸದ ಬಾಯಿ 2 ಮಿ.ಮೀ. ತಿಂದರೆ ಒಂದು ಪಟ್ಟಿಗೆ 3.5 ಮಿ.ಮೀ. ಮರ ಖರ್ಚಾಗುತ್ತದೆ. ಅಂದರೆ 60 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪದ ಒಂದೇ ಹಲಗೆ ಇಡೀ ಒಡಲಿಗೆ ಸಾಕು. ಪಟ್ಟಿಯನ್ನು ಕೊಯ್ಯುವಾಗ ಮರದ ಎಳೆ ಉದ್ದಕ್ಕೆ ನೇರವಾಗಿ ಓಡುವಂತೆ ಹಲಗೆಯನ್ನು ಆರಿಸಬೇಕು. ಎಳೆ ಅಂಚಿಗೆ ಓರೆಯಾಗಿ ಹೊರಬಂದ ಪಟ್ಟಿ ಬಾಗಿಸುವಾಗ ಅಲ್ಲಿಯೇ ಸೀಳುತ್ತದೆ. ಅಡಿಮರಕ್ಕೂ ಪಕ್ಕೆಹಲಗೆಗಳಿಗೂ ಮಾತ್ರ ಪ್ಲೈವುಡ್ ಒಳ್ಳೆಯದು, ಅವು ತಿರುಚಿಕೊಳ್ಳಬಾರದು. ಅಡಿಮರಕ್ಕೆ 5 ಮಿ.ಮೀ., ಪಕ್ಕೆಹಲಗೆಗೆ 4 ಮಿ.ಮೀ. ದಪ್ಪ ಸಾಕಾಗುತ್ತದೆ.

ಇಲ್ಲಿ ನನ್ನ ಮೊದಲ ಹಡಗಿನ ಕಥೆಯನ್ನು ಹೇಳುವುದು ಅವಶ್ಯ. ಅದನ್ನು ನಾನು ಶ್ರಾವಣದ ಜಡಿಮಳೆಯ ದಿನಗಳಲ್ಲಿ ಆಗತಾನೆ ಕೊಯ್ದ ಹೊಸ ಪಟ್ಟಿಗಳಿಂದ ಹೊದಿಸಿದೆ. ಸಂದುಗಳಲ್ಲಿ ಕೂದಲೂ ತೂರದಂತೆ ಕುಳಿತ ಪಟ್ಟಿಗಳನ್ನು ನೋಡಿ ಹಿಗ್ಗಿದೆ. ಚೈತ್ರದ ಬಿಸಿಲಿಗೆ ಪಟ್ಟಿಗಳ ನಡುವೆ ಒಂದೊಂದಾಗಿ ಬಿರುಕು ತೆರೆದುಕೊಂಡಿತು, ಮೂತಿಯ ಬಳಿಯ ಎರಡು ಪಟ್ಟಿಗಳು ಕಿತ್ತುಕೊಂಡೇ ಬಂದವು. ಲೆಕ್ಕ ಸರಳವಾದದ್ದು: 5 ಮಿ.ಮೀ. ಅಗಲದ ಪಟ್ಟಿ ನೂರಕ್ಕೆ ಒಂದರಷ್ಟು ಕುಗ್ಗಿದರೂ ಅದು 0.05 ಮಿ.ಮೀ., ಆದರೆ 24 ಪಟ್ಟಿಗಳಲ್ಲಿ ಅದು ಸೇರಿ 1.2 ಮಿ.ಮೀ. ಆಗುತ್ತದೆ, ಆ ಅಂತರ ಎಲ್ಲಿಯಾದರೂ ಬಾಯಿ ಬಿಡಲೇಬೇಕು. ಮರ ಉದ್ದಕ್ಕೆ ಕುಗ್ಗುವುದು ಗಮನಕ್ಕೇ ಬಾರದಷ್ಟು ಅಲ್ಪ, ಅಗಲಕ್ಕೆ ಕುಗ್ಗುವುದೇ ತೊಂದರೆಯ ಮೂಲ. ಆದ್ದರಿಂದ ಕೊಯ್ಯಿಸಿದ ಪಟ್ಟಿಗಳನ್ನು ಗಾಳಿಯಾಡುವಂತೆ ಹರಡಿ, ಹಡಗು ಕಟ್ಟುವ ಕೋಣೆಯಲ್ಲಿಯೇ ಕನಿಷ್ಠ ಎರಡು ವಾರ ಬಿಡಬೇಕು, ಮತ್ತು ಹೊದಿಸುವ ಕೆಲಸವನ್ನು ದೀಪಾವಳಿ ಕಳೆದು ಶಿವರಾತ್ರಿ ಬರುವುದರೊಳಗೆ ಮುಗಿಸಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇರೊಂದು ಕಷ್ಟವಿದೆ. ರಾಯಚೂರಿನ ಬಿಸಿಲಿಗೆ ಅಂಟು ಹಚ್ಚಿದೊಡನೆ ಅದರ ಮೇಲೆ ಪೊರೆ ಕಟ್ಟುತ್ತದೆ, ಪಟ್ಟಿಯನ್ನು ಜರುಗಿಸಿ ಕೂರಿಸುವ ಹೊತ್ತಿಗೆ ಹಿಡಿತ ಹೋಗಿರುತ್ತದೆ.

ಅಸ್ಥಿಪಂಜರ

ಅಡಿಮರವನ್ನು ಮೂತಿಯೊಡನೆ ಸೇರಿಸಿ ಒಂದೇ ತುಂಡಾಗಿ ಪ್ಲೈವುಡ್ಡಿನಲ್ಲಿ ಕತ್ತರಿಸಿ, ಪಕ್ಕೆಹಲಗೆಗಳು ಕೂರಲು ಕಚ್ಚುಗಳನ್ನು ಕೊರೆಯಬೇಕು. 50 ಸೆಂ.ಮೀ. ಒಡಲಿಗೆ ಹನ್ನೊಂದು ಪಕ್ಕೆಹಲಗೆಗಳು ಸಾಕು, ನಡುವೆ ಸುಮಾರು 5 ಸೆಂ.ಮೀ. ಅಂತರವಿರಲಿ, ಬಾಗು ತೀವ್ರವಾಗುವ ಮೂತಿಯ ಕಡೆ ಇನ್ನಷ್ಟು ಹತ್ತಿರ ಬರಲಿ. ಕಚ್ಚು ಎಷ್ಟು ಬಿಗಿಯಿರಬೇಕೆಂದರೆ ಪಕ್ಕೆಹಲಗೆ ಬೆರಳಿನ ಒತ್ತಡಕ್ಕೆ ಇಳಿಯಬೇಕು, ಸುತ್ತಿಗೆ ಬೇಡಬಾರದು. ಬಿಗಿಯಾದ ಕಚ್ಚುಗಳು ಹನ್ನೊಂದು ಸೇರಿದರೆ ಅಡಿಮರ ಬಿಲ್ಲಿನಂತೆ ಬಾಗುತ್ತದೆ. ಪ್ರತಿಯೊಂದನ್ನೂ ಮೂಲೆಮಟ್ಟದಿಂದ ಪರೀಕ್ಷಿಸಿ ಅಂಟಿಸಿ, ಒಣಗುವವರೆಗೂ ಅಡಿಮರವನ್ನು ಎರಡು ನೇರವಾದ ರೀಪುಗಳ ನಡುವೆ ಬಿಗಿದು ನಿಲ್ಲಿಸಿ.

ಅಂಟು ಒಣಗಿದ ಮೇಲೆ ಮೂತಿಯ ಬಳಿ ಮೊದಲ ಎರಡು ಪಕ್ಕೆಹಲಗೆಗಳ ನಡುವಿನ ಖಾಲಿಯನ್ನು ಹಗುರವಾದ ಮೆದುಮರದ ತುಂಡುಗಳಿಂದ ತುಂಬಬೇಕು. ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹಗುರ ಮರ ಇದಕ್ಕೆ ಹೇಳಿಮಾಡಿಸಿದಂತಿದೆ, ಉಳಿಗೆ ಬೆಣ್ಣೆಯಂತೆ ಸಿಗುತ್ತದೆ. ಮೂತಿಯಲ್ಲಿ ಪಟ್ಟಿಗೆ ಎಲ್ಲೆಡೆಯೂ ಆಸರೆ ಸಿಗುವುದರಿಂದ ಅಲ್ಲಿ ಚಪ್ಪಟೆಯಾಗುವುದು ತಪ್ಪುತ್ತದೆ.

ಇನ್ನು ಇಡೀ ಕೆಲಸದ ತಿರುಳಾದ ಹಂತ ಬರುತ್ತದೆ. ಪಕ್ಕೆಹಲಗೆಗಳ ಅಂಚು ಕತ್ತರಿಸಿದಾಗ ನೇರವಾಗಿರುತ್ತದೆ, ಆದರೆ ಒಡಲು ಮೂತಿಯ ಕಡೆಗೂ ಹಿಂಬದಿಯ ಕಡೆಗೂ ಸಣ್ಣದಾಗುತ್ತ ಹೋಗುವುದರಿಂದ ಆ ಅಂಚುಗಳನ್ನು ಓರೆಯಾಗಿ ಉಜ್ಜಬೇಕು. ಒಂದು ರೀಪಿನ ತುಂಡಿಗೆ 120 ನಂಬರಿನ ಉಪ್ಪುಕಾಗದವನ್ನು ಅಂಟಿಸಿಕೊಂಡು, ಒಂದೇ ಸಲಕ್ಕೆ ಮೂರು ಪಕ್ಕೆಹಲಗೆಗಳನ್ನು ಮುಟ್ಟುವಂತೆ ಓಡಿಸಿ. ನಡುನಡುವೆ ಒಂದು ಒಳ್ಳೆಯ ಪಟ್ಟಿಯನ್ನು ಮೂತಿಯಿಂದ ಹಿಂಬದಿಯವರೆಗೆ ಬಾಗಿಸಿ ಹಿಡಿದು, ಕಿಟಕಿಯ ಬೆಳಕಿಗೆ ಎದುರಾಗಿ ನೋಡಿ. ಪಟ್ಟಿ ಪ್ರತಿಯೊಂದು ಪಕ್ಕೆಹಲಗೆಯ ಅಂಚಿನ ಪೂರ್ತಿ ಅಗಲದ ಮೇಲೆ ಕುಳಿತರೆ ಅಲ್ಲಿ ಕೆಲಸ ಮುಗಿಯಿತು. ಒಂದು ಮೂಲೆಯನ್ನಷ್ಟೇ ಮುಟ್ಟಿದರೆ ಇನ್ನೂ ಉಜ್ಜಬೇಕು. ಎಲ್ಲಿಯೂ ಮುಟ್ಟದೆ ಸೇತುವೆಯಂತೆ ನಿಂತರೆ ಆ ಪಕ್ಕೆಹಲಗೆ ತಗ್ಗಾಗಿದೆ ಎಂದರ್ಥ, ಅದರ ಅಂಚಿಗೆ ತೆಳು ಚಕ್ಕೆಯನ್ನು ಅಂಟಿಸಿ ಎತ್ತರಿಸಿ ಮತ್ತೆ ಉಜ್ಜಿ. ಇದನ್ನು ಮೇಲೆ, ನಡುವೆ, ಕೆಳಗೆ, ಎರಡೂ ಬದಿಗಳಲ್ಲಿ ಮಾಡಬೇಕು. ನನಗೆ ಈ ಹಂತಕ್ಕೆ ಸಂಜೆಯ ಎರಡೆರಡು ತಾಸಿನಂತೆ ಹನ್ನೆರಡು ದಿನ ಹಿಡಿಯಿತು, ಅದರಲ್ಲಿ ಒಂದು ದಿನವೂ ವ್ಯರ್ಥವಾಗಿಲ್ಲ.

ಹೊದಿಕೆ

ಎಲ್ಲ ಪಟ್ಟಿಗಳನ್ನೂ ಒಂದೇ ಅಗಲದಲ್ಲಿ ಹೊದಿಸಲು ಆಗುವುದಿಲ್ಲ. ಒಡಲಿನ ನಡುವೆ ಡೆಕ್ಕಿನ ಅಂಚಿನಿಂದ ಅಡಿಮರದವರೆಗೆ ಒಂದು ಕಾಗದದ ಪಟ್ಟಿಯನ್ನು ಮೈಗೆ ಒತ್ತಿ ಅಳೆದರೆ 120 ಮಿ.ಮೀ. ಬಂತೆಂದು ಇಟ್ಟುಕೊಳ್ಳಿ. 5 ಮಿ.ಮೀ. ಪಟ್ಟಿಗಳು ಅಲ್ಲಿ 24 ಹಿಡಿಯುತ್ತವೆ. ಮೂತಿಯ ಬಳಿ ಅದೇ ಅಳತೆ 78 ಮಿ.ಮೀ. ಮಾತ್ರ. ಅದೇ 24 ಪಟ್ಟಿಗಳು ಅಲ್ಲಿಯೂ ಹಿಡಿಯಬೇಕಾದರೆ ಪ್ರತಿ ಪಟ್ಟಿ 3.25 ಮಿ.ಮೀ.ಗೆ ಸಣ್ಣದಾಗಬೇಕು. ಹೀಗೆ ಪ್ರತಿ ಪಕ್ಕೆಹಲಗೆಯ ಅಂಚನ್ನೂ 24 ಭಾಗ ಮಾಡಿ ಪೆನ್ಸಿಲ್ಲಿನಿಂದ ಗುರುತಿಸಿಕೊಂಡರೆ, ಯಾವ ಪಟ್ಟಿ ಎಲ್ಲಿ ಎಷ್ಟು ಅಗಲವಿರಬೇಕೆಂಬುದು ಮೊದಲೇ ತಿಳಿಯುತ್ತದೆ. ಪಟ್ಟಿಯನ್ನು ಅರ್ಧಕ್ಕಿಂತ ಸಣ್ಣದು ಮಾಡಬೇಡಿ. ಅಷ್ಟು ಜಾಗವಿಲ್ಲದ ಕಡೆ ಎರಡು ಪಟ್ಟಿಗಳನ್ನು ಒಂದಾಗಿ ಮುಗಿಸಬೇಕು. ಹಿಂಬದಿಯಲ್ಲಿ ಇದಕ್ಕೆ ವಿರುದ್ಧವಾಗಿ ಅಳತೆ ಹೆಚ್ಚಾಗಿ ಸಂದು ತೆರೆದುಕೊಂಡರೆ ಬೆಣೆಯಾಕಾರದ ತುಂಡನ್ನು ನಡುವೆ ಕೂರಿಸಬೇಕು. ನಿಜವಾದ ಹಡಗುಗಳಲ್ಲಿಯೂ ಹೀಗೆಯೇ ಮಾಡುತ್ತಾರೆ, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಪಟ್ಟಿಯನ್ನು ಚಪ್ಪಟೆ ಮೈಯ ಕಡೆಗೆ ಬಾಗಿಸಬಹುದು, ಅಂಚಿನ ಕಡೆಗೆ ಬಾಗಿಸಲಾಗದು. ಬಲವಂತ ಮಾಡಿದರೆ ಒಂದಂಚು ಮೇಲೆದ್ದು ಒಡಲ ಮೈ ಹೆಂಚಿನ ಮಾಡಿನಂತಾಗುತ್ತದೆ. ಪಟ್ಟಿಯನ್ನು ಸಹಜವಾಗಿ ಮೈಮೇಲೆ ಮಲಗಿಸಿ, ಅದು ಎತ್ತ ಹೋಗಬಯಸುತ್ತದೆ ಎಂದು ನೋಡಿ, ಹೆಚ್ಚಾದ ಭಾಗವನ್ನು ರಂದದಿಂದ ಇಳಿಸುವುದೇ ಸರಿಯಾದ ದಾರಿ.

ಬಾಗಿಸಲು ನಾನು ಅನುಸರಿಸುವ ಕ್ರಮ ಸುಲಭವಾದದ್ದು. ಪಟ್ಟಿಯ ಮುಂಭಾಗವನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸುತ್ತೇನೆ. ಸ್ಟೀಲಿನ ದೊಡ್ಡ ಚೊಂಬಿನಲ್ಲಿ ಕುದಿಯುವ ನೀರು ತುಂಬಿ, ಅದರ ದುಂಡು ಮೈಗೆ ಪಟ್ಟಿಯನ್ನು ಒತ್ತಿ ನಿಧಾನವಾಗಿ ಎಳೆಯುತ್ತೇನೆ. ಬಿಸಿಗೆ ಮರದ ನಾರು ಸಡಿಲಗೊಂಡು ಬಾಗುತ್ತದೆ, ಆರಿದಾಗ ಆ ಬಾಗನ್ನೇ ಹಿಡಿದುಕೊಳ್ಳುತ್ತದೆ. ಅನಂತರ ಅಂಟು ಹಚ್ಚದೆಯೇ ಒಡಲಿಗೆ ಬಟ್ಟೆ ಕ್ಲಿಪ್ಪುಗಳಿಂದ ಸಿಕ್ಕಿಸಿ ಮರುದಿನದವರೆಗೆ ಒಣಗಲು ಬಿಡುತ್ತೇನೆ. ಒದ್ದೆ ಪಟ್ಟಿಯನ್ನು ಅಂಟಿಸಿದರೆ ಅದು ಒಣಗಿ ಕುಗ್ಗಿ, ಮೇಲೆ ಹೇಳಿದ ಬಿರುಕನ್ನೇ ತರುತ್ತದೆ.

ಮೊದಲ ಪಟ್ಟಿಯನ್ನು ಡೆಕ್ಕಿನ ಅಂಚಿಗೆ ಸರಿಯಾಗಿ ಹೊದಿಸಿ, ಅದರ ಬಾಗು ಎರಡೂ ಬದಿಗೆ ಸಮನಾಗಿದೆಯೇ ಎಂದು ಮುಂದಿನಿಂದಲೂ ಹಿಂದಿನಿಂದಲೂ ನೋಡಿ. ಮುಂದೆ ಎಡಕ್ಕೊಂದು ಬಲಕ್ಕೊಂದರಂತೆ ಹೊದಿಸುತ್ತ ಹೋಗಬೇಕು. ಒಂದೇ ಬದಿಯಲ್ಲಿ ನಾಲ್ಕಾರು ಪಟ್ಟಿಗಳನ್ನು ಹೊದಿಸಿದರೆ ಅವುಗಳ ಎಳೆತಕ್ಕೆ ಅಡಿಮರ ಆ ಕಡೆಗೆ ತಿರುಚಿಕೊಳ್ಳುತ್ತದೆ, ಮತ್ತೆ ಅದನ್ನು ನೇರ ಮಾಡಲು ಯಾವ ಉಪಾಯವೂ ಇಲ್ಲ. ಮೇಲಿನಿಂದ ಅರ್ಧದಷ್ಟು ಬಂದ ಮೇಲೆ ಅಡಿಮರದ ಪಕ್ಕದ ಪಟ್ಟಿಯಿಂದ ಮೇಲಕ್ಕೆ ಹೊದಿಸಲು ಆರಂಭಿಸಿ. ಅಡಿಮರದ ಪಕ್ಕದ ಈ ಪಟ್ಟಿ ಮೂತಿಯ ಕಡೆ ಮೇಲಕ್ಕೆ ಏರಿಹೋಗಬಾರದು, ಏರಿದರೆ ಉಳಿದ ಪಟ್ಟಿಗಳಿಗೆ ಜಾಗವಿಲ್ಲದಂತಾಗುತ್ತದೆ. ಎರಡೂ ಕಡೆಯ ಪಟ್ಟಿಗಳು ಒಡಲಿನ ತಿರುವಿನಲ್ಲಿ ಕೂಡುವ ಕೊನೆಯ ಸಂದಿಗೆ ಕಾಗದವನ್ನು ಒತ್ತಿ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಪಟ್ಟಿಯನ್ನು ಕತ್ತರಿಸಬೇಕು.

ಅಂಟಿನ ವಿಷಯದಲ್ಲಿ ಬಡಗಿಗಳು ಬಳಸುವ ಫೆವಿಕಾಲ್‌ನಂಥ ಬಿಳಿ ಅಂಟೇ ಸಾಕು. ಸಾಗುವಾನಿಯಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ, ಅಂಟುವ ಅಂಚನ್ನು ಅದೇ ದಿನ ಉಜ್ಜಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಅಂಟಿಸಬೇಕು. ಕ್ಷಣಾರ್ಧದಲ್ಲಿ ಹಿಡಿಯುವ ಅಂಟನ್ನು ಒಂದೆರಡು ಕಡೆ ಚುಕ್ಕಿಯಷ್ಟು ಬಳಸಬಹುದು, ಆದರೆ ಇಡೀ ಒಡಲನ್ನು ಅದರಿಂದ ಕಟ್ಟಬಾರದು. ಅದರ ಹಿಡಿತ ಗಡಸು, ಮರ ಹಿಗ್ಗಿ ಕುಗ್ಗುವಾಗ ಬಳುಕದೆ ಬಿಟ್ಟುಕೊಳ್ಳುತ್ತದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒಡನೆ ತೆಗೆಯಿರಿ. ಅಂಟು ಉಳಿದ ಜಾಗದಲ್ಲಿ ಎಣ್ಣೆ ಇಳಿಯದೆ ಬಿಳಿಚಿದ ಮಚ್ಚೆಗಳು ಕಾಣುತ್ತವೆ.

ಸಣ್ಣ ಸಂದುಗಳನ್ನು ಮುಚ್ಚಲು ಅದೇ ಮರದ ಹೊಟ್ಟನ್ನು ಜರಡಿ ಹಿಡಿದು ಅಂಟಿನಲ್ಲಿ ಕಲಸಿ ತುಂಬಬೇಕು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹುಣಸೆಬೀಜದ ಅಂಟಿನಿಂದ ಮಾಡಿದ ಕಿಟ್ಟವನ್ನು ಗೊಂಬೆಯ ಕೀಲುಗಳಿಗೆ ಮೆತ್ತಿ ಮೈಯನ್ನು ಸಮಮಾಡುವುದನ್ನು ನೋಡಿದವರಿಗೆ ಈ ಹದ ಬೇಗ ಕೈಗೆ ಬರುತ್ತದೆ. ಗೊಂಬೆಯ ಮೇಲೆ ದಪ್ಪ ಬಣ್ಣ ಬರುವುದರಿಂದ ಅಲ್ಲಿ ಎಷ್ಟು ಮೆತ್ತಿದರೂ ನಡೆಯುತ್ತದೆ, ಎಣ್ಣೆ ಹಚ್ಚಿ ಮರವನ್ನೇ ತೋರಿಸುವ ಹಡಗಿನಲ್ಲಿ ಮೆತ್ತಿದ್ದೆಲ್ಲ ಕಾಣುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ಆಮೇಲೆ 120, 180, 240, 320 ನಂಬರಿನ ಕಾಗದಗಳಿಂದ ಕ್ರಮವಾಗಿ, ಎಳೆಯ ಉದ್ದಕ್ಕೇ ಉಜ್ಜಿ. ಸಾಗುವಾನಿಯ ನುಣ್ಣನೆ ಹೊಟ್ಟು ಎದೆಗೆ ಒಳ್ಳೆಯದಲ್ಲ, ಮಾಸ್ಕ್ ಹಾಕದೆ ಉಜ್ಜಬೇಡಿ.

ಡೆಕ್ ಮತ್ತು ಪೀಠ

ಡೆಕ್ಕಿಗೆ 4 ಮಿ.ಮೀ. ಅಗಲದ, ತಿಳಿಬಣ್ಣದ ಪಟ್ಟಿಗಳು ಚೆನ್ನ. ನಿಜವಾದ ಹಡಗಿನಲ್ಲಿ ಹಲಗೆಗಳ ನಡುವೆ ನಾರು ತುರುಕಿ ರಾಳ ಹೊಯ್ಯುವುದರಿಂದ ಕಪ್ಪು ಗೆರೆಗಳು ಕಾಣುತ್ತವೆ. ಪಟ್ಟಿಯ ಒಂದಂಚಿಗೆ ಮೆದು ಪೆನ್ಸಿಲ್ಲನ್ನು ಉಜ್ಜಿ ಅಂಟಿಸಿದರೆ 1:48ರಲ್ಲಿ ಆ ಗೆರೆ ತಕ್ಕಷ್ಟೇ ತೆಳುವಾಗಿ ಬರುತ್ತದೆ. ಮಾರ್ಕರ್ ಬಳಸಿದರೆ ಶಾಯಿ ಮರದೊಳಗೆ ಹರಡಿ ಕೆಡುತ್ತದೆ. ಒಂದು ಹಲಗೆಯ ಉದ್ದ 6 ಮೀಟರ್ ಎಂದು ಹಿಡಿದು ಪಟ್ಟಿಗಳನ್ನು 125 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಅಕ್ಕಪಕ್ಕದ ಸಾಲುಗಳಲ್ಲಿ ಕೂಡುಗಳು ಒಂದೇ ಗೆರೆಯಲ್ಲಿ ಬಾರದಂತೆ ಇಟ್ಟಿಗೆ ಕಟ್ಟುವ ಹಾಗೆ ಜೋಡಿಸಿ. ಮರದ ಮೊಳೆಗಳಿಗೆ ಮೇದಾರರ ಬಳಿ ಸಿಗುವ ಬಿದಿರಿನ ಸೀಳುಗಳೇ ಸರಿ. ತೆಳುವಾದ ಉಕ್ಕಿನ ತಗಡಿನಲ್ಲಿ 1.5ರಿಂದ 0.6 ಮಿ.ಮೀ.ವರೆಗೆ ತೂತುಗಳನ್ನು ಕೊರೆದು, ದೊಡ್ಡದರಿಂದ ಚಿಕ್ಕದಕ್ಕೆ ಸೀಳನ್ನು ಎಳೆಯುತ್ತ ಹೋದರೆ ಸೂಜಿಯಂಥ ದುಂಡು ಕಡ್ಡಿ ಸಿಗುತ್ತದೆ.

ಕೂವೆಮರ ನಿಲ್ಲಿಸುವ ಮೊದಲೇ ಪೀಠವನ್ನು ಮಾಡಿ, ಅಡಿಮರಕ್ಕೆ ಎರಡು ಕಡೆ ತೂತು ಕೊರೆದು ಸ್ಕ್ರೂ ಬಿಗಿಯಿರಿ. ಹಗ್ಗಗಳೆಲ್ಲ ಕಟ್ಟಿದ ಮೇಲೆ ಹಡಗನ್ನು ಮಗುಚಿ ಕೊರೆಯಲು ಹೊರಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಮೈಗೆ ಎಣ್ಣೆ, ಅಡಿಗೆ ಬಿಳುಪು

ಕರಾವಳಿಯ ಹಳೆಯ ಮರದ ಹಡಗುಗಳಲ್ಲಿ ನೀರಿನ ಮೇಲಿನ ಭಾಗಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು, ನೀರಿನೊಳಗೆ ಮುಳುಗುವ ಭಾಗಕ್ಕೆ ಹುಳು ತಗಲದಿರಲೆಂದು ಸುಣ್ಣವನ್ನು ಕೊಬ್ಬು ಅಥವಾ ಎಣ್ಣೆಯಲ್ಲಿ ಕಲಸಿ ಮೆತ್ತುತ್ತಿದ್ದರು. ಆದ್ದರಿಂದ ಮೇಲೆ ಎಣ್ಣೆಗಂದು ಮರ, ಕೆಳಗೆ ಮಾಸಲು ಬಿಳುಪು ಎಂಬುದೇ ಪತ್ತೆಮಾರಿಗೆ ಒಪ್ಪುವ ಬಣ್ಣ. ನೀರಿನ ಗೆರೆಯನ್ನು ಗುರುತಿಸಲು ಹಡಗನ್ನು ಪೀಠದ ಮೇಲೆ ಸರಿಯಾಗಿ ನಿಲ್ಲಿಸಿ, ಪೆನ್ಸಿಲ್ಲನ್ನು ಒಂದು ಮರದ ದಿಮ್ಮಿಗೆ ಬೇಕಾದ ಎತ್ತರದಲ್ಲಿ ಕಟ್ಟಿ, ಆ ದಿಮ್ಮಿಯನ್ನು ಸಮತಟ್ಟಾದ ಮೇಜಿನ ಮೇಲೆ ಹಡಗಿನ ಸುತ್ತ ಜಾರಿಸಬೇಕು. ಬಿಳಿ ಬಣ್ಣಕ್ಕೆ ಒಂದು ಹನಿ ಹಳದಿಯನ್ನೂ ಒಂದು ಹನಿ ಕಪ್ಪನ್ನೂ ಬೆರೆಸಿ, ತೆಳ್ಳಗೆ ಮೂರು ಸಲ ಹಚ್ಚಿ.

ಮೇಲ್ಭಾಗಕ್ಕೆ ಅಗಸೆ ಎಣ್ಣೆ. ನಮ್ಮ ಮನೆಗಳಲ್ಲಿ ಚಟ್ನಿಪುಡಿಗೆ ಹುರಿಯುವ ಅದೇ ಅಗಸೆಯ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುವ ಗುಣವುಳ್ಳದ್ದು. ಆದರೆ ಗಾಣದಿಂದ ತಂದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಹಿಡಿಯುವುದರಿಂದ, ಬಣ್ಣದ ಅಂಗಡಿಯಲ್ಲಿ ಮರಕ್ಕೆಂದೇ ಮಾರುವ, ಬೇಗ ಒಣಗುವ ಅಗಸೆ ಎಣ್ಣೆಯನ್ನು ಕೇಳಿ ತನ್ನಿ. ಶೇಂಗಾ ಎಣ್ಣೆಯನ್ನು ಮಾತ್ರ ಎಂದಿಗೂ ಹಚ್ಚಬಾರದು, ಅದು ಒಣಗದೆ ಜಿಗುಟಾಗಿ ಉಳಿದು ನಮ್ಮ ಬಯಲಿನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಒರೆಸಿ, ಕಾಲು ತಾಸಿನ ನಂತರ ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಪೂರ್ತಿ ತೆಗೆದು, ಎರಡು ದಿನ ಬಿಟ್ಟು ಮತ್ತೊಮ್ಮೆ ಹಚ್ಚಿ. ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತುವುದುಂಟು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ ಒಣಗಿಸಿದ ಮೇಲೆಯೇ ಎಸೆಯಬೇಕು.

ಎಣ್ಣೆಯ ಬದಲು ಬಡಗಿಗಳ ಚಪಡಾ ಪಾಲಿಷ್ ಹಚ್ಚುವವರೂ ಇದ್ದಾರೆ. ಅದು ಬೇಗ ಒಣಗುತ್ತದೆ, ಡೆಕ್ಕಿಗೆ ಚೆನ್ನಾಗಿ ಒಪ್ಪುತ್ತದೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಮಾತ್ರ ಬಿಳಿಚಿಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುವ ವಾರ್ನಿಷ್ ನನಗೆ ಸರಿಕಾಣುವುದಿಲ್ಲ, ಉಪ್ಪುನೀರಿನಲ್ಲಿ ದುಡಿದ ಸರಕುಹಡಗು ಹಾಗೆ ಹೊಳೆದಿರಲಾರದು.

ಕೂವೆಮರ, ಹಾಯಿ, ಹಗ್ಗ

ಕೂವೆಮರವನ್ನು ಅಂಗಡಿಯ ದುಂಡು ಕೋಲಿನಿಂದ ಮಾಡದೆ ಚೌಕಾಕಾರದ ಕಡ್ಡಿಯಿಂದಲೇ ಇಳಿಸುವುದು ಮೇಲು. ಮೊದಲು ನಾಲ್ಕೂ ಮೈಗಳನ್ನು ತುದಿಯ ಕಡೆಗೆ ಸಣ್ಣದಾಗಿಸಿ, ಮೂಲೆಗಳನ್ನು ರಂದದಿಂದ ತೆಗೆದು ಎಂಟು ಮೈ, ಮತ್ತೆ ತೆಗೆದು ಹದಿನಾರು ಮೈ ಮಾಡಿ, ಕೊನೆಗೆ ಉಪ್ಪುಕಾಗದದಿಂದ ದುಂಡಾಗಿಸಿದರೆ ನೇರತೆ ಕೆಡುವುದಿಲ್ಲ. ಪತ್ತೆಮಾರಿಯ ದೊಡ್ಡ ಕೂವೆಮರ ಹಿಂದಕ್ಕಲ್ಲ, ಮುಂದಕ್ಕೆ ಬಾಗಿರುತ್ತದೆ. ನಕ್ಷೆಯಲ್ಲಿರುವ ಓರೆಯನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಡೆಕ್ಕಿನ ಮೇಲೆ ನಿಲ್ಲಿಸಿ, ಅದಕ್ಕೆ ಸರಿಯಾಗಿ ತೂತು ಕೊರೆಯಿರಿ. ಹಾಯಿ ಕಟ್ಟುವ ಓರೆಮರ ಬಹಳ ಉದ್ದವಾಗಿರುವುದರಿಂದ ನಿಜವಾದ ಹಡಗುಗಳಲ್ಲಿ ಎರಡು ಮರಗಳನ್ನು ಒಂದರ ಮೇಲೊಂದು ಹೊಂದಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಮಾದರಿಯಲ್ಲಿಯೂ ಹಾಗೆಯೇ ಮಾಡಿ, ನೋಡುವವರ ಕಣ್ಣು ಮೊದಲು ಹೋಗಿ ನಿಲ್ಲುವುದು ಆ ಕಟ್ಟಿನ ಮೇಲೆಯೇ.

ಹಗ್ಗಕ್ಕೆ ಅಂಗಡಿಯ ದಾರವನ್ನು ಹಾಗೆಯೇ ಬಳಸಿದರೆ ದಾರವಾಗಿಯೇ ಕಾಣುತ್ತದೆ. ಪುಂಡಿನಾರಿನಿಂದ ಹಗ್ಗ ಹೊಸೆಯುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡಿದವರಿಗೆ ಇದರ ಮರ್ಮ ಗೊತ್ತು: ಎಳೆಗಳನ್ನು ಒಂದು ದಿಕ್ಕಿಗೆ ಹುರಿಮಾಡಿ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ತಿರುವಿದರೆ ಒಂದರ ಬಿಗಿ ಇನ್ನೊಂದನ್ನು ಬಿಚ್ಚಗೊಡುವುದಿಲ್ಲ. ಅದನ್ನೇ ಕೈಡ್ರಿಲ್ಲಿನ ಬಾಯಿಗೆ ಕೊಕ್ಕೆ ಸಿಕ್ಕಿಸಿಕೊಂಡು ಹತ್ತಿಯ ದಾರದಲ್ಲಿ ಮಾಡಬಹುದು. 40 ಮಿ.ಮೀ. ದಪ್ಪದ ನಿಜವಾದ ಹಗ್ಗ 1:48ರಲ್ಲಿ ಸುಮಾರು 0.8 ಮಿ.ಮೀ. ಆಗುತ್ತದೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಇದು, ಹಾಯಿಯನ್ನು ಎಳೆಯುವ ಹಗ್ಗಗಳಿಗೆ 0.5, ಸಣ್ಣ ಕಟ್ಟುಗಳಿಗೆ 0.25 ಸಾಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಹೆಚ್ಚಿರುವುದರಿಂದ ಬಗೆಬಗೆಯ ದಪ್ಪದ, ಕಂದು ಬಣ್ಣದ ಗಟ್ಟಿ ದಾರ ಅಲ್ಲಿ ಸುಲಭವಾಗಿ ಸಿಗುತ್ತದೆ, ಹೊಸೆಯಲು ಅದೂ ಒಳ್ಳೆಯದೇ. ಹತ್ತಿಯ ದಾರವಾದರೆ ಜೇನುಮೇಣದ ಮೇಲೆ ಎರಡು ಸಲ ಎಳೆದು ನವಿರು ಕೂದಲನ್ನು ಮಲಗಿಸಬೇಕು.

ರಾಟೆಗಳನ್ನು ಗಟ್ಟಿಮರದ 4 ಮಿ.ಮೀ. ಕಡ್ಡಿಯಲ್ಲಿ ಮಾಡಬೇಕು, ನಾನು ಹುಣಸೆಯ ಚೇಗನ್ನು ಬಳಸುತ್ತೇನೆ. ಕಡ್ಡಿಯ ಉದ್ದಕ್ಕೆ ಎರಡು ಬದಿಗೂ ಗಾಡಿ (ಹಗ್ಗ ಕೂರುವ ತೋಡು) ಹೊಡೆದು, ಅಳತೆಗೆ ಸರಿಯಾಗಿ ತೂತುಗಳನ್ನು ಕೊರೆದು, ಆಮೇಲೆಯೇ ಒಂದೊಂದಾಗಿ ಕತ್ತರಿಸಿ ಮೂಲೆಗಳನ್ನು ದುಂಡಾಗಿಸಬೇಕು. ಕತ್ತರಿಸಿದ ಮೇಲೆ ಕೊರೆಯಲು ಹೋದರೆ ಅರ್ಧಕ್ಕರ್ಧ ಸೀಳುತ್ತವೆ. ಪತ್ತೆಮಾರಿಯಲ್ಲಿ ಕೂವೆಮರದ ಪಕ್ಕದ ಹಗ್ಗಗಳಿಗೆ ಏಣಿಯಂಥ ಅಡ್ಡಹಗ್ಗಗಳಿಲ್ಲ, ಗಾಳಿಯ ದಿಕ್ಕಿಗೆ ತಕ್ಕಂತೆ ಬಿಚ್ಚಿ ಕಟ್ಟುವ ರಾಟೆಗಳೇ ಅಲ್ಲಿಯೂ ಇರುತ್ತವೆ. ಹಾಗಾಗಿ ನೂರಾರು ಗಂಟುಗಳ ಕೆಲಸ ಉಳಿಯಿತು.

ಹಾಯಿಗೆ ತೆಳುವಾದ ಮಲ್ ಬಟ್ಟೆ ತಂದು, ಮೊದಲು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿ, ಹಾಲು ಹಾಕದ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ನಿಜವಾದ ಹಾಯಿಯನ್ನು ಕಿರಿದಾದ ಬಟ್ಟೆಯ ಪಟ್ಟಿಗಳನ್ನು ಸೇರಿಸಿ ಹೊಲಿಯುತ್ತಿದ್ದರು. 60 ಸೆಂ.ಮೀ. ಅಗಲದ ಪಟ್ಟಿ ನಮ್ಮ ಪ್ರಮಾಣದಲ್ಲಿ 12.5 ಮಿ.ಮೀ. ಆದ್ದರಿಂದ ಅಷ್ಟಷ್ಟು ಅಂತರದಲ್ಲಿ ಒಂದೊಂದು ಹೊಲಿಗೆ ಹಾಕಿಸಿ, ಹೊಲಿಗೆ ಯಂತ್ರದ ಅತಿ ಸಣ್ಣ ಹೆಜ್ಜೆಯಲ್ಲಿ. ಆಕಾರ ಬಹುತೇಕ ತ್ರಿಕೋನ, ಮುಂದಿನ ಮೂಲೆಯನ್ನು ಮಾತ್ರ ಚಿಕ್ಕದಾಗಿ ಕತ್ತರಿಸಿರುತ್ತದೆ. ಅಂಚನ್ನು ಮಡಿಸಿ, ಸುತ್ತಲೂ 0.5 ಹಗ್ಗವನ್ನು ಕೈಯಿಂದ ಹೊಲಿಯಬೇಕು. ಗಾಳಿ ತುಂಬಿದಂತೆ ಕಾಣಲು ನೀರು ಬೆರೆಸಿದ ಬಿಳಿ ಅಂಟನ್ನು ತೆಳ್ಳಗೆ ಹಚ್ಚಿ, ಬೋರಲು ಹಾಕಿದ ದೊಡ್ಡ ಬುಟ್ಟಿಯ ಮೈಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಣಗಿಸಿದರೆ ಮೃದುವಾದ ಉಬ್ಬು ನಿಲ್ಲುತ್ತದೆ. ಎರಡೂ ಹಾಯಿಗಳ ಉಬ್ಬು ಒಂದೇ ಕಡೆಗೆ ಇರಬೇಕು.

ಹಗ್ಗ ಕಟ್ಟುವಾಗ ಒಳಗಿನದ್ದನ್ನು ಮೊದಲು, ಹೊರಗಿನದ್ದನ್ನು ಆಮೇಲೆ ಕಟ್ಟಿ, ಇಲ್ಲದಿದ್ದರೆ ಚಿಮಟ ತೂರಲು ಜಾಗವಿರುವುದಿಲ್ಲ. ಕೂವೆಮರವನ್ನು ಹಿಂದಕ್ಕೆ ಎಳೆಯುವ ಹಗ್ಗವನ್ನೂ ಪಕ್ಕದ ಹಗ್ಗಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಬೇಕು, ಒಂದನ್ನೇ ಪೂರ್ತಿ ಬಿಗಿದರೆ ಕೂವೆಮರ ಬಾಗಿ ಉಳಿದವು ಜೋತುಬೀಳುತ್ತವೆ. ಹತ್ತಿಯ ಹಗ್ಗ ಮಳೆಗಾಲದ ತೇವಕ್ಕೆ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲಗೊಳ್ಳುತ್ತದೆ. ಆದ್ದರಿಂದ ತಂತಿಯಂತೆ ಬಿಗಿಯದೆ, ಬೆರಳಿನಿಂದ ಮುಟ್ಟಿದರೆ ತುಸು ಬಳುಕುವಷ್ಟು ಬಿಡಿ. ಗಂಟುಗಳ ಮೇಲೆ ನೀರಾಗಿಸಿದ ಅಂಟಿನ ಒಂದು ಹನಿ ಇಟ್ಟು, ಒಣಗಿದ ಮೇಲೆ ಬಾಲವನ್ನು ಬ್ಲೇಡಿನಿಂದ ಕತ್ತರಿಸಿ. ಡೆಕ್ಕಿನ ಮೇಲೆ ಉಳಿದ ಹಗ್ಗದ ಸುರುಳಿಗಳನ್ನು ಬೇರೆಯಾಗಿ ಸುತ್ತಿ, ಅಂಟಿಸಿ, ಆಮೇಲೆ ಇಡುವುದು ಸುಲಭ.

ಗಾಜಿನ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಡಿ, ತಳದಲ್ಲಿ ಎರಡು ಕಡೆ ಬೆರಳಗಲದ ಕಿಂಡಿ ಬಿಟ್ಟು ತೆಳುಬಟ್ಟೆ ಅಂಟಿಸಿ, ಆಗ ಗಾಳಿ ಆಡುತ್ತದೆ, ಧೂಳು ಒಳಬರುವುದಿಲ್ಲ. ಪಡುವಣ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಗೋಡೆಯನ್ನು ಬಿಡಿ. ಪೆಟ್ಟಿಗೆಯ ಕಾಲುಗಳು ನೆಲದಿಂದಲೂ ಗೋಡೆಯಿಂದಲೂ ನಾಲ್ಕು ಬೆರಳು ದೂರವಿದ್ದರೆ ಗೆದ್ದಲಿನ ಮಣ್ಣಿನ ದಾರಿ ಕಟ್ಟುವಾಗಲೇ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೆ ಎರಡು ಸಲ, ಯುಗಾದಿಯ ಹೊತ್ತಿಗೊಮ್ಮೆ ದಸರೆಯ ಹೊತ್ತಿಗೊಮ್ಮೆ, ಪೆಟ್ಟಿಗೆ ತೆರೆದು ಮೆದು ಕುಂಚದಿಂದ ಮೇಲಿನಿಂದ ಕೆಳಗೆ ಧೂಳು ತೆಗೆಯಿರಿ, ಜೋತ ಹಗ್ಗವಿದ್ದರೆ ರಾಟೆಯ ಬಳಿ ಬಿಗಿ ಮಾಡಿ, ಪಟ್ಟಿಗಳ ಸಂದುಗಳ ಮೇಲೆ ಉಗುರನ್ನು ಮೂತಿಯಿಂದ ಹಿಂಬದಿಯವರೆಗೆ ಒಮ್ಮೆ ಎಳೆದು ನೋಡಿ.